ಹನ್ನೆರಡು ತಿಂಗಳು, ಒಂದೇ ಊರು

ದೀಪಾವಳಿಗೆ ಗೆಳೆಯರೆಲ್ಲ ಸೇರಿದ್ದಾಗ ಮಾತಿಗೆ ಮಾತು ಬೆಳೆದು ಒಂದು ಪಂದ್ಯ ಹುಟ್ಟಿಕೊಂಡಿತು. ಜನವರಿಯಿಂದ ಡಿಸೆಂಬರ್‌ವರೆಗೆ ಒಬ್ಬೊಬ್ಬರು ಒಂದೊಂದು ವಿಷಯ ಹಿಡಿದು ಓದಬೇಕು, ಅದನ್ನು ಬಿಟ್ಟು ಆಚೀಚೆ ಹೋಗುವಂತಿಲ್ಲ. ಒಬ್ಬ ಪತ್ತೇದಾರಿ ಕಾದಂಬರಿ ಅಂದ, ಇನ್ನೊಬ್ಬಳು ಪ್ರವಾಸ ಕಥನ ಅಂದಳು. ನಾನು ಜಂಬದಿಂದ "ಹರಿಹರ" ಅಂದುಬಿಟ್ಟೆ. ಹುಟ್ಟಿ ಬೆಳೆದ ಊರು, ವರ್ಷಕ್ಕಾಗುವಷ್ಟು ಪುಸ್ತಕ ಸಿಗದೇ ಇರುತ್ತಾ ಅನ್ನೋ ಧೈರ್ಯ!

ಹಾಗೆ ನೋಡಿದರೆ ಇದೇನು ಹೊಸದಲ್ಲ. ನಮ್ಮ ಕಡೆ ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳಿಡೀ ಒಂದೇ ಪುಸ್ತಕ, ದಿನಾ ಸಂಜೆ ಇಷ್ಟಿಷ್ಟು, ಕೊನೆಗೆ ಪುರಾಣ ಮಂಗಲ. ನಾವು ಅದನ್ನೇ ಹನ್ನೆರಡು ತಿಂಗಳಿಗೆ ಎಳೆದಿದ್ದೇವೆ, ಅಷ್ಟೆ. ವ್ಯತ್ಯಾಸ ಒಂದೇ... ಅಲ್ಲಿ ಪುಸ್ತಕ ಆರಿಸುವವರು ಸ್ವಾಮಿಗಳು, ಇಲ್ಲಿ ನಾನು.

ಮೊದಲ ಪಟ್ಟಿ ಅರ್ಧ ಗಂಟೆಯಲ್ಲಿ ಸಿದ್ಧವಾಯಿತು. ಹರಿಹರ ಕವಿಯ ರಗಳೆಗಳು, ಗಿರಿಜಾಕಲ್ಯಾಣ, ಆಮೇಲೆ ಹರಿಹರ-ಬುಕ್ಕರ ವಿಜಯನಗರದ ಮೇಲೆ ಎರಡು ಮೂರು ಪುಸ್ತಕ. ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕನ್ನಡಕ ತೆಗೆದಿಟ್ಟು ಕೇಳಿದರು, "ಎಲ್ಲಾ ಸರಿ, ಇದ್ರಾಗ ನಮ್ಮೂರು ಎಲ್ಲೈತಿ?"

ನಿಜವೇ. ಹರಿಹರ ಕವಿ ಹಂಪಿಯವನು. ವಿಜಯನಗರದ ಹರಿಹರ ಒಬ್ಬ ರಾಜ. ಹೆಸರು ನೋಡಿ ಪುಸ್ತಕ ಆರಿಸಿದ್ದೆ, ಊರು ನೋಡಿ ಅಲ್ಲ. ಪಟ್ಟಿ ಹರಿದು ಹಾಕಿ ಹೊಸ ನಿಯಮ ಮಾಡಿಕೊಂಡೆ: ಪುಸ್ತಕಕ್ಕೆ ಈ ಹೊಳೆಯ ಜೊತೆಗಾಗಲಿ, ಈ ದಡದ ಜನರ ಜೊತೆಗಾಗಲಿ ಸಂಬಂಧ ಇರಲೇಬೇಕು.

ಜನವರಿಗೆ ಶಾಸನಗಳು. ಬಿ.ಎಲ್. ರೈಸ್ 1886ರಿಂದ 1905ರವರೆಗೆ ತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು. ನಮ್ಮೂರ ಶಾಸನಗಳು ಅದರ ದಾವಣಗೆರೆ ತಾಲ್ಲೂಕಿನ ಭಾಗದಲ್ಲಿವೆ. ಹರಿದ್ರಾ ಹಳ್ಳ ತುಂಗಭದ್ರೆಗೆ ಸೇರುವ ಜಾಗವಾದ್ದರಿಂದ ಊರಿನ ಹಳೆಯ ಹೆಸರು ಕೂಡಲೂರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರನ ಗುಡಿ ಕಟ್ಟಿಸಿದ. 1268ರಲ್ಲಿ ಅದಕ್ಕೆ ಇನ್ನಷ್ಟು ಸೇರಿಸಿದವನು ಸೋಮ ದಂಡನಾಯಕ, ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದವನೇ. ಚಿಕ್ಕಂದಿನಲ್ಲಿ ಆ ಕಂಬಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆ ಆಡಿದವನಿಗೆ ಇದು ಗೊತ್ತಿರಲಿಲ್ಲ ನೋಡಿ.

ಫೆಬ್ರವರಿಗೆ ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಯಾರು ಏನು ಕಸುಬು ಮಾಡುತ್ತಾರೆ ಅಂತ ನೋಡಿಕೊಂಡು ಬರಲು ಕಂಪನಿಯವರು ಕಳಿಸಿದ ಡಾಕ್ಟರು. 1801ರಲ್ಲಿ ನಮ್ಮೂರಿಗೂ ಬಂದಿದ್ದ, ಪುಸ್ತಕ ಅಚ್ಚಾಗಿದ್ದು 1807ರಲ್ಲಿ. ಮೂರು ಸಂಪುಟಗಳಲ್ಲಿ ನನಗೆ ಬೇಕಾದದ್ದು ಮೂರನೆಯದು.

ಮಾರ್ಚ್‌ಗೆ ಮತ್ತೆ ರೈಸ್, ಈ ಸಲ 1897ರ ಮೈಸೂರು ಗೆಜೆಟಿಯರ್. ವಿಜಯನಗರ ಮುಳುಗಿದ ಮೇಲೆ ತರೀಕೆರೆ ಪಾಳೆಯಗಾರರು, ಸವಣೂರು ನವಾಬ, ಬಿದನೂರಿನವರು, ಮರಾಠರು, 1763ರಲ್ಲಿ ಹೈದರಾಲಿ... ಊರು ಕೈಯಿಂದ ಕೈಗೆ ಹೋಗುತ್ತಲೇ ಇತ್ತು. 1865ರವರೆಗೆ ಇಲ್ಲಿ ದಂಡು ಇತ್ತು, 1868ರಲ್ಲಿ ಹೊಳೆಗೆ 14 ಕಮಾನುಗಳ ಸೇತುವೆ ಆಯಿತು.

ಇಷ್ಟು ಆರಿಸುವ ಹೊತ್ತಿಗೆ ಒಂದು ವಿಷಯ ಚುಚ್ಚತೊಡಗಿತು. ನಮ್ಮೂರಿನ ಬಗ್ಗೆ ಬರೆದವರೆಲ್ಲ ಲೆಕ್ಕ ಬರೆಯಲು ಬಂದವರು! ಒಬ್ಬ ದಾನದ ಲೆಕ್ಕ, ಒಬ್ಬ ಬೆಳೆಯ ಲೆಕ್ಕ, ಇನ್ನೊಬ್ಬ ಸೇತುವೆಯ ಖರ್ಚಿನ ಲೆಕ್ಕ. ಇಲ್ಲೇ ಇದ್ದವರ ಮಾತು ಎಲ್ಲಿ? ಅದಕ್ಕೇ ಮುಂದಿನ ತಿಂಗಳುಗಳನ್ನು ಬೇರೆ ಥರ ಆರಿಸಿದೆ.

ಏಪ್ರಿಲ್, ಮೇ ಎರಡೂ ತ.ರಾ.ಸು. ಅವರ ದುರ್ಗಾಸ್ತಮಾನಕ್ಕೆ. 1779ರಲ್ಲಿ ಹೈದರನ ಕೈಗೆ ಬಿದ್ದ ಚಿತ್ರದುರ್ಗದ ಕಥೆ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಗುವವರೆಗೆ ನಾವೂ ಚಿತ್ರದುರ್ಗದವರೇ ತಾನೆ? ಜೂನ್‌ಗೆ ಆಲೂರು ವೆಂಕಟರಾಯರ 1917ರ ಕರ್ನಾಟಕ ಗತವೈಭವ. ಇದರಲ್ಲಿ ನಮ್ಮೂರು ಎಲ್ಲಿ ಅಂತ ಅಪ್ಪ ಮತ್ತೆ ಕೇಳಿದರು. ಸೇತುವೆ ಮೇಲೆ ನಿಂತರೆ ಗೊತ್ತಾಗುತ್ತೆ ಅಂದೆ. 1956ರವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ. ಎರಡೂ ಕಡೆ ಕನ್ನಡವೇ, ನಡುವೆ ಮಾತ್ರ ಗಡಿ. ಅಂಥ ಗಡಿ ಹೋಗಬೇಕು ಅಂತ ಜೀವ ತೇಯ್ದವರ ಪುಸ್ತಕ ಇಲ್ಲಿ ಓದದೆ ಇನ್ನೆಲ್ಲಿ ಓದಬೇಕು?

ಜುಲೈಗೆ 'ವಿದರ್ ಕಾಮನ್ ಲ್ಯಾಂಡ್ಸ್', ಸಮಾಜ ಪರಿವರ್ತನ ಸಮುದಾಯದವರು 1988ರಲ್ಲಿ ಧಾರವಾಡದಿಂದ ತಂದದ್ದು. ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಗಿದ್ದು 1972ರಲ್ಲಿ. ಅದಕ್ಕೆ ಬೇಕಾದ ನೀಲಗಿರಿ ಬೆಳೆಸಲು 1984ರಲ್ಲಿ ಒಂದು ಜಂಟಿ ಕಂಪನಿ ಮಾಡಿ, ಹಳ್ಳಿಗಳ ಸುಮಾರು 75 ಸಾವಿರ ಎಕರೆ ಸಾಮೂಹಿಕ ಭೂಮಿ ಕೊಡಲು ಹೊರಟರು. ಜನ ಎದ್ದರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ: ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚುವುದು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು.

ಆಗಸ್ಟ್ ಶ್ರಾವಣಕ್ಕೆ ಮೀಸಲು. ಚಾಮರಸನ ಪ್ರಭುಲಿಂಗಲೀಲೆ, ಅದೂ ಗಟ್ಟಿಯಾಗಿ ಓದುವುದು. ಈ ದಡದ ಜನ ಕಿವಿಯಿಂದ ಓದಿಕೊಂಡು ಬಂದ ಪುಸ್ತಕ ಒಂದಾದರೂ ಬೇಡವೇ? ಸೆಪ್ಟೆಂಬರ್, ಅಕ್ಟೋಬರ್‌ಗೆ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. ತುಂಗೆಯ ಮೇಲಿನ ಕಾಡಿನ ಕಥೆ. ಅಲ್ಲಿ ಸುರಿದ ಮಳೆ ಕೂಡಲಿಯಲ್ಲಿ ಭದ್ರೆಯ ಜೊತೆಗೂಡಿ ನಮ್ಮ ಮೆಟ್ಟಿಲಿಗೇ ಬರುತ್ತೆ.

ನವೆಂಬರ್‌ಗೆ ಎಸ್.ಎಲ್. ಕಿರ್ಲೋಸ್ಕರ್ ಅವರ ಆತ್ಮಕಥೆ 'ಕ್ಯಾಕ್ಟಸ್ ಅಂಡ್ ರೋಸಸ್'. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆಯೇ ಹರಿಹರ ಅಂದರೆ ಲೇತು ಅನ್ನುವಂತಾಗಿದ್ದು.

ಉಳಿದದ್ದು ಡಿಸೆಂಬರ್. ಇಲ್ಲಿ ಸಿಕ್ಕಿಬಿದ್ದೆ. ಲೇತ್ ಮಾಡಿಸಿದವರ ಪುಸ್ತಕ ಇದೆ, ಲೇತ್ ಮುಂದೆ ನಿಂತವರದ್ದು ಹುಡುಕಿದರೆ ನನಗೆ ಸಿಗಲಿಲ್ಲ. ಅಪ್ಪ ಊರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವರು. ಅಟ್ಟದ ಟ್ರಂಕಿನಲ್ಲಿ ಅವರದೊಂದು ನೋಟ್‌ಬುಕ್ ಇದೆ. ಯಾವ ಥ್ರೆಡ್‌ಗೆ ಯಾವ ಗೇರ್ ಹಾಕಬೇಕು ಅನ್ನುವ ಲೆಕ್ಕ, ಪಕ್ಕದಲ್ಲಿ ಕೈಸಾಲ ಕೊಟ್ಟವರ ಹೆಸರು, ಎರಡು ಕಡೆ ಹೊಳೆ ಬಂದ ತಾರೀಕು. ಎಣ್ಣೆ ಕಲೆಯಿಂದ ಅರ್ಧ ಪುಟ ಓದಲಿಕ್ಕೇ ಆಗಲ್ಲ.

ಡಿಸೆಂಬರ್ ಎದುರಿಗೆ "ಅಪ್ಪನ ನೋಟ್‌ಬುಕ್" ಅಂತ ಬರೆದೆ. ಅಪ್ಪ ನೋಡಿ ನಕ್ಕರು. "ಅದೇನು ಪುಸ್ತಕೇನಲೇ? ಬರೀ ಲೆಕ್ಕ ಅದು."

"ಪೋಲಾಳ್ವ ಬರೆಸಿದ್ದೂ ಲೆಕ್ಕಾನೇ ಅಪ್ಪ" ಅಂದೆ. ಏನೂ ಮಾತಾಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನೋಟ್‌ಬುಕ್ ಅಟ್ಟದಿಂದ ಇಳಿದು ನನ್ನ ಮೇಜಿನ ಮೇಲಿತ್ತು. ಧೂಳು ಒರೆಸಿದ್ದರು. ಅಳಿಸಿಹೋದ ಪುಟಗಳನ್ನು ಪಕ್ಕದಲ್ಲಿ ಕೂತು ಅವರೇ ಓದಿ ಹೇಳಬೇಕು, ಡಿಸೆಂಬರ್‌ವರೆಗೆ ಕಾಯುವುದು ಬೇಡ ಅನ್ನಿಸುತ್ತಿದೆ. ನಿಯಮ ಮುರಿದರೂ ಪರವಾಗಿಲ್ಲ, ಭಾನುವಾರಗಳು ಅದಕ್ಕೇ.

ಹರಿಹರ, ದಾವಣಗೆರೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ನೋಡಿ. ಏನು ಸಿಕ್ಕಿತು ಅಂತ ನನಗೂ ತಿಳಿಸಿ :)