ತಾಂತ್ರಿಕ ಉದ್ಯೋಗದ ಪ್ರಾದೇಶಿಕ ಅಂತರ: ಗಣಕೀಕೃತ ಭೂಪಟವನ್ನು ಓದುವ ಬಗೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 35 ಸೂಚಕಗಳನ್ವಯ ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಗುರುತಿಸಲಾಗಿದೆ. ಸೂಚ್ಯಂಕ 1 ಎಂದರೆ ರಾಜ್ಯದ ಸರಾಸರಿ. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗದವು. ಬೆಂಗಳೂರು ವಿಭಾಗದವೂ 11 ಇದ್ದು, ವಿಭಾಗವಾರು ಭೂಪಟವನ್ನಷ್ಟೇ ನೋಡಿದವರಿಗೆ ಇವು ಕಾಣಸಿಗುವುದಿಲ್ಲ. ಆದುದರಿಂದ ತಾಲ್ಲೂಕಿನ ಹಂತದವರೆಗೂ ತೆರೆದು ನೋಡುವುದು ಅವಶ್ಯ.

ಇನ್ನೊಂದು ತೊಡಕೂ ಉಂಟು. ಆರ್ಥಿಕ ಗಣತಿಯು ಉದ್ಯೋಗವನ್ನು ಉದ್ಯಮವಿರುವ ಸ್ಥಳದಲ್ಲಿ ಎಣಿಸುತ್ತದೆ. ರಾಯಚೂರಿನಲ್ಲಿ ಐ.ಟಿ.ಐ. ಮುಗಿಸಿ, ಓಕಳಿಪುರಂ ಪಕ್ಕದ ರೈಲು ನಿಲ್ದಾಣದಲ್ಲಿ ಇಳಿದು, ಪೀಣ್ಯದ ಕಾರ್ಖಾನೆ ಸೇರಿದ ಫಿಟ್ಟರ್ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾನೆ. ಭೂಪಟದಲ್ಲಿ ರಾಯಚೂರಿನ ಬಣ್ಣ ತಿಳಿಯಾಗಿಯೇ ಉಳಿಯುತ್ತದೆ. ತರಬೇತಿ ಪಡೆದವರ ಸಂಖ್ಯೆಯನ್ನೂ ಉದ್ಯೋಗಸ್ಥರ ಸಂಖ್ಯೆಯನ್ನೂ ಒಂದರ ಮೇಲೊಂದು ಇರಿಸಿ ನೋಡಿದಾಗ ಮಾತ್ರ ಆ ತಾಲ್ಲೂಕಿನಲ್ಲಿರುವುದು ಕೌಶಲದ ಕೊರತೆಯೋ ಕಾರ್ಖಾನೆಗಳ ಕೊರತೆಯೋ ಎಂಬುದು ತಿಳಿದುಬರುತ್ತದೆ.