ಕೊಳಗದ ಜಗಳದಿಂದ ವಿಧಾನಸಭೆಗೆ ಹೋದ ಮನುಷ್ಯ

ಕೊಳಗ ಅಂದ್ರೆ ಏನು ಅಂತ ಇವತ್ತಿನ ಹುಡುಗರನ್ನ ಕೇಳಿ ನೋಡಿ. ಗೊತ್ತಿಲ್ಲ ಅಂತಾರೆ. ಭತ್ತ ಅಳೆಯುವ ಪಾತ್ರೆ ಅದು. ಆದರೆ ಸಾಗರ ತಾಲ್ಲೂಕಿನ ಗೇಣಿದಾರನ ಪಾಲಿಗೆ ಅದು ಬರೀ ಪಾತ್ರೆ ಆಗಿರಲಿಲ್ಲ. ವರ್ಷವಿಡೀ ಕೆಸರಲ್ಲಿ ದುಡಿದವನ ಮನೆಗೆ ಎಷ್ಟು ಭತ್ತ, ಒಡೆಯನ ಕಣಜಕ್ಕೆ ಎಷ್ಟು ಭತ್ತ ಅಂತ ತೀರ್ಮಾನ ಮಾಡ್ತಿದ್ದದ್ದೇ ಅದು. ಊರಲ್ಲಿ ನಡೆಯೋ ಅಳತೆ ಒಂದು, ಗೇಣಿ ಅಳೆಸಿಕೊಳ್ಳುವಾಗ ಒಡೆಯರು ತೆಗೆಯೋ ಕೊಳಗ ಇನ್ನೊಂದು. ಅದು ದೊಡ್ಡದು! ಕೊಟ್ಟ ಗೇಣಿಗೆ ರಸೀದಿಯೂ ಇಲ್ಲ. ರಸೀದಿ ಇಲ್ಲ ಅಂದ್ರೆ ನೀನು ಗೇಣಿದಾರ ಅನ್ನೋದಕ್ಕೇ ಸಾಕ್ಷಿ ಇಲ್ಲ. ನಾಳೆ ಜಮೀನು ಬಿಡು ಅಂದ್ರೆ ಬಿಟ್ಟು ಹೋಗಬೇಕು, ಅಷ್ಟೇ. ಇದರ ಜೊತೆಗೆ ಬಿಟ್ಟಿ ಕೆಲಸ ಬೇರೆ.

ಈ ಕೊಳಗದ ಜಗಳ ದೊಡ್ಡದಾಗಿದ್ದು ಕಾಗೋಡಿನಲ್ಲಿ. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಈ ಹೆಸರನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಕಾಗೋಡು ಸತ್ಯಾಗ್ರಹ ಅಂದ ತಕ್ಷಣ ನಾವು ದೊಡ್ಡ ನಾಯಕರ ಹೆಸರು ಹೇಳಿ ಮುಗಿಸಿಬಿಡ್ತೀವಿ, ಮನೆ ಮನೆಗೆ ನಡೆದು ರೈತ ಸಂಘ ಕಟ್ಟಿದವರನ್ನ ಮರೀತೀವಿ. 1951ರ ಏಪ್ರಿಲ್ 18ಕ್ಕೆ ಸತ್ಯಾಗ್ರಹ ಶುರುವಾಯ್ತು. ರೈತರು ನೇಗಿಲು ಹಿಡಿದು ಗದ್ದೆಗೆ ಇಳಿಯೋದು, ಪೊಲೀಸರು ಹಿಡಿದು ಒಯ್ಯೋದು. ಮಾರನೇ ದಿನ ಮತ್ತೆ ಅದೇ.

ಆಗ ಈ ಹೋರಾಟದ ಮುಂಚೂಣಿಗೆ ಬಂದದ್ದು ಸೋಷಿಯಲಿಸ್ಟ್ ಪಾರ್ಟಿ. ಅದರ ಎದ್ದು ಕಾಣೋ ಮುಖ ಶಾಂತವೇರಿ ಗೋಪಾಲಗೌಡ. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದವರು. ಓದುವ ವಯಸ್ಸಲ್ಲೇ 1942ರ ಚಳವಳಿಗೆ ಧುಮುಕಿ ಜೈಲು ಕಂಡವರು. ಜಾತಿಯಲ್ಲಿ ಒಕ್ಕಲಿಗರು. ಹೋರಾಟಕ್ಕಿಳಿದ ರೈತರು ದೀವರು. ಇವತ್ತಿನ ಲೆಕ್ಕಾಚಾರದಲ್ಲಿ ಇದು ಹೊಂದೋದೇ ಇಲ್ಲ, ಅಲ್ವಾ? ಅವತ್ತು ಹೊಂದಿತ್ತು. 1951ರ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ದೇಶದ ಪತ್ರಿಕೆಗಳಿಗೆ ಕಾಗೋಡು ಅನ್ನೋ ಊರಿದೆ ಅಂತ ಗೊತ್ತಾಗಿದ್ದು ಆಮೇಲೆ.

ಗೆದ್ದರಾ? ಇಲ್ಲ. ನೇರವಾಗಿ ಹೇಳ್ತೀನಿ, ಸತ್ಯಾಗ್ರಹದಿಂದ ರೈತರಿಗೆ ಆ ಕೂಡಲೇ ಭೂಮಿ ಸಿಗಲಿಲ್ಲ. ಆದರೆ ಮುಂದಿನ ವರ್ಷವೇ ಚುನಾವಣೆ ಬಂತು.

1952. ದೇಶದ ಮೊದಲ ಮಹಾ ಚುನಾವಣೆ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ. ಅಂಥಾ ಅಲೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ ಅವರನ್ನು ಸೋಲಿಸಿದ್ದು ಕಿಸೆಯಲ್ಲಿ ಕಾಸಿಲ್ಲದ, ಮೂವತ್ತೂ ತುಂಬದ ಗೋಪಾಲಗೌಡರು. ಈಗ ತಮಾಷೆ ನೋಡಿ. ಅದೇ ಚುನಾವಣೆಯಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಯಾರು ಗೊತ್ತಾ? ಕೆ.ಜಿ. ಒಡೆಯರ್. ಕಾಗೋಡಿನ ಅದೇ ಒಡೆಯರು! ಗೇಣಿದಾರರ ನಾಯಕ ಬೆಂಗಳೂರಿಗೆ, ಭೂಮಾಲೀಕರು ದೆಹಲಿಗೆ. ಮತದಾರನಿಗೆ ಗೊಂದಲ ಇತ್ತು ಅಂತ ಇದನ್ನ ತಳ್ಳಿಹಾಕೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಲೋಕಸಭಾ ಕ್ಷೇತ್ರ ದೊಡ್ಡದು, ಅಲ್ಲಿ ಕಾಂಗ್ರೆಸ್ ಹೆಸರು ಕೆಲಸ ಮಾಡ್ತು. ಕಾಗೋಡಿನ ಬಿಸಿ ತಾಗಿದ್ದ ಕಡೆ ಜನ ಬೇರೆ ತೀರ್ಪು ಕೊಟ್ಟರು.

ಚುನಾವಣೆ ಖರ್ಚಿಗೆ ದುಡ್ಡು? ‘ಒಂದು ವೋಟು, ಒಂದು ನೋಟು’. ಮಲೆನಾಡಿನಲ್ಲಿ ಹಳಬರು ಈಗಲೂ ಹೇಳೋ ಮಾತಿದು. ಮತದಾರನೇ ಅಭ್ಯರ್ಥಿಗೆ ದುಡ್ಡು ಕೊಡೋದು. ಈಗ ನೋಟಿನ ದಿಕ್ಕು ಬದಲಾಗಿದೆ, ಅದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸೋಷಿಯಲಿಸ್ಟ್ ಪಾರ್ಟಿ ಅಂತ ಒಂದು ಎಡಪಕ್ಷ ಇದೆ. 1994ರಲ್ಲಿ 2 ಸೀಟಿನೊಂದಿಗೆ ಮೊದಲ ಸಲ ಅಲ್ಲಿನ ಸಂಸತ್ತಿಗೆ ಬಂತು. ಅದರ ಸಂಸದರು ತಮ್ಮ ಸಂಬಳವನ್ನ ಪಕ್ಷಕ್ಕೆ ಒಪ್ಪಿಸಿ, ಪಕ್ಷ ಕೊಡೋ ಸಾಧಾರಣ ಮೊತ್ತ ತಗೋಬೇಕು ಅನ್ನೋ ನಿಯಮ ಇಟ್ಟುಕೊಂಡಿದ್ದಾರೆ. ಕೇಳಿದವರು ಆಹಾ ಅಂತಾರೆ. ಗೋಪಾಲಗೌಡರಿಗೆ ನಿಯಮದ ಅಗತ್ಯವೇ ಬೀಳಲಿಲ್ಲ, ಕೈಯಲ್ಲಿ ಉಳೀತಿದ್ರೆ ತಾನೆ?

1957ರಲ್ಲಿ ಸೋತರು. ತೀರ್ಥಹಳ್ಳಿಯಲ್ಲಿ ಗೆದ್ದದ್ದು ಅದೇ ಬದರಿನಾರಾಯಣ. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಸದನಕ್ಕೆ ಬಂದರು, 1967ರಲ್ಲಿ ಮತ್ತೊಮ್ಮೆ. ಸದನದಲ್ಲಿ ಅವರು ಮಾತಾಡಿದ್ದು ಕನ್ನಡದಲ್ಲಿ. ಇಂಗ್ಲಿಷ್ ಗೊತ್ತಿದ್ದವರಿಗೆ ಮಾತ್ರ ಆಡಳಿತ ಅನ್ನೋ ಕಾಲ ಅದು. ರೈತನಿಗೆ ಅರ್ಥವಾಗದ ಭಾಷೆಯಲ್ಲಿ ರೈತನ ಕಾನೂನು ಬರೆದರೆ ಅದು ಯಾರ ಕಾನೂನು? ಅವರ ಕನ್ನಡ ಪ್ರೀತಿಯನ್ನ ಅವರ ಭೂಮಿ ಹೋರಾಟದಿಂದ ಬೇರೆ ಮಾಡಿ ನೋಡೋಕಾಗಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು ಅಂತ ಕೇಳಿದವರಲ್ಲೂ ಅವರಿದ್ದರು. ಅಂದಹಾಗೆ, ಒಣ ರಾಜಕಾರಣಿ ಆಗಿರಲಿಲ್ಲ ಈ ಮನುಷ್ಯ. ಸಂಗೀತ, ಸಾಹಿತ್ಯ ಎರಡರ ಹುಚ್ಚೂ ಇತ್ತು.

ಅವರ ಹೋರಾಟದ ಗಾಳಿಯಲ್ಲಿ ಬೆಳೆದವರ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತೆ. ಜೆ.ಎಚ್. ಪಟೇಲ್ 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲೂ ಕನ್ನಡದಲ್ಲಿ ಮಾತಾಡಿದರು. ಅದೇ ವರ್ಷ ಸೊರಬದಿಂದ ಎಸ್. ಬಂಗಾರಪ್ಪ ಗೆದ್ದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು, ಆದರೆ ಸಮಾಜವಾದಿ ಪಕ್ಷದಿಂದಲ್ಲ. ಆ ಪಕ್ಷ ಒಡೆದು ಒಡೆದು ಕರಗಿಹೋಗಿತ್ತು. ಅಧಿಕಾರ ಹಿಡಿಯೋ ಕಲೆ ಸಮಾಜವಾದಿಗಳಿಗೆ ಪಕ್ಷ ಬಿಟ್ಟ ಮೇಲೆ ಬಂತು ಅಂತ ಯಾರಾದ್ರೂ ಕುಹಕ ಆಡಿದರೆ ನನ್ನ ಹತ್ತಿರ ಉತ್ತರ ಇಲ್ಲ.

1972ರಲ್ಲಿ ಗೋಪಾಲಗೌಡರು ಹಾಸಿಗೆ ಹಿಡಿದಿದ್ದರು. ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ ಗೆದ್ದರು. ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. 49 ವರ್ಷ. ತೀರ್ಥಹಳ್ಳಿಯವರೇ ಆದ ಯು.ಆರ್. ಅನಂತಮೂರ್ತಿ ಆಮೇಲೆ ‘ಅವಸ್ಥೆ’ ಬರೆದರು. ಅದರ ಕೃಷ್ಣಪ್ಪಗೌಡನಲ್ಲಿ ಓದುಗರು ಇವರನ್ನೇ ಕಂಡರು.

ಅವರು ಹೋದ ಮರುವರ್ಷ, 1973ರ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕ ಆಯ್ತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಡಿಕ್ಲರೇಷನ್ ಕೊಟ್ಟರು, ಉಳುತ್ತಿದ್ದ ಗದ್ದೆಗೇ ಒಡೆಯರಾದರು. ಕಾನೂನು ತಂದದ್ದು ಕಾಂಗ್ರೆಸ್ ಸರ್ಕಾರ, ಅದನ್ನ ಅರಸರಿಂದ ಕಿತ್ತುಕೊಳ್ಳೋದು ಬೇಡ. ಅದಕ್ಕೆ ಜೈಲಿಗೆ ಹೋಗಿದ್ದು ಮಾತ್ರ 23 ವರ್ಷ ಮೊದಲು ಕಾಗೋಡಿನ ರೈತರು. ಆ ಊರಿನ ಕಾಗೋಡು ತಿಮ್ಮಪ್ಪ 2013ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು, 2016ರಲ್ಲಿ ಕಂದಾಯ ಮಂತ್ರಿ. ಅದೇ ಸಾಗರ, ಹೊಸನಗರದಲ್ಲಿ ಶರಾವತಿ ನೀರಿಗೆ ಜಮೀನು ಬಿಟ್ಟುಕೊಟ್ಟ ಕುಟುಂಬಗಳು ಹಕ್ಕುಪತ್ರ ಕೊಡಿ ಅಂತ ಇನ್ನೂ ಕಚೇರಿಯಿಂದ ಕಚೇರಿಗೆ ಅಲೀತಾ ಇವೆ.