ಜಿದ್ದಾ: ಹರಮಿನ ಹೆಬ್ಬಾಗಿಲು

ಕೆಂಪು ಸಮುದ್ರದ ಪೂರ್ವ ದಡದಲ್ಲಿ, ಮಕ್ಕಾದಿಂದ ಸುಮಾರು 75 ಕಿ.ಮೀ. ಪಶ್ಚಿಮಕ್ಕಿರುವ ಜಿದ್ದಾ ನಗರವು ಹದಿಮೂರು ಶತಮಾನಗಳಿಂದ ಹಜ್ಜ್ ಯಾತ್ರಾರ್ಥಿಗಳ ಹೆಬ್ಬಾಗಿಲಾಗಿದೆ. ಆ ಊರಿಗೆ ನದಿಯಿಲ್ಲ, ಹೊಲಗದ್ದೆಗಳಿಲ್ಲ. ಕುಡಿಯುವ ನೀರಿಗೂ ಅಲ್ಲಿ ಬಹುಕಾಲ ಬರವಿತ್ತು. ಆದರೂ ಅದು ಹಿಜಾಝ್‌ನ ಪ್ರಮುಖ ವಾಣಿಜ್ಯ ನಗರವಾಗಿ ಬೆಳೆಯಿತು. ಇದಕ್ಕೆ ಕಾರಣಗಳು ಎರಡು: ಒಂದು ಕಡಲು, ಇನ್ನೊಂದು ಕಅಬಾ.

ಮೂಲತಃ ಜಿದ್ದಾ ಬೆಸ್ತರ ಒಂದು ನೆಲೆ. ಮಕ್ಕಾದವರು ಅದುವರೆಗೆ ದಕ್ಷಿಣದ ಶುಐಬ ಎಂಬ ಬಂದರನ್ನು ಬಳಸುತ್ತಿದ್ದರು. ಹಿಜರಿ 26ರಲ್ಲಿ (ಕ್ರಿ.ಶ. 647) ಮೂರನೆಯ ಖಲೀಫ ಹಝ್ರತ್ ಉಸ್ಮಾನ್(ರ) ಅದರ ಬದಲಿಗೆ ಜಿದ್ದಾವನ್ನು ಮಕ್ಕಾದ ಬಂದರನ್ನಾಗಿ ಆರಿಸಿದರು. ಅಂದಿನಿಂದ ಈಜಿಪ್ಟಿನ ಧಾನ್ಯ, ಭಾರತದ ಮಸಾಲೆ ಮತ್ತು ಬಟ್ಟೆ ಇಲ್ಲಿಗೆ ಬಂದಿಳಿಯತೊಡಗಿದವು. ಹದಿನೈದನೆಯ ಶತಮಾನದಲ್ಲಿ ಮಮ್ಲೂಕ್ ಸುಲ್ತಾನ್ ಬರ್ಸ್‌ಬಾಯ್‌ನ ಕಾಲಕ್ಕೆ ಕಲ್ಲಿಕೋಟೆಯ ಹಡಗುಗಳು ಏಡನ್ ಬಂದರನ್ನು ಬಿಟ್ಟು ನೇರವಾಗಿ ಜಿದ್ದಾಕ್ಕೆ ಬರತೊಡಗಿದವು. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಈ ದಾರಿಯಾಗಿ ಕೈರೋ ತಲುಪಿ, ಅಲ್ಲಿಂದ ಯುರೋಪನ್ನು ಸೇರುತ್ತಿತ್ತು.

ಆದರೆ ಸಂಪತ್ತು ಬಂದಲ್ಲಿ ದುರಾಸೆಯೂ ಬರುತ್ತದೆ. 1183ರಲ್ಲಿ ಅಂದಲೂಸಿನಿಂದ ಹಜ್ಜ್‌ಗೆ ಬಂದ ಪ್ರವಾಸಿ ಇಬ್ನ್ ಜುಬೈರ್ ಇಲ್ಲಿ ಕಂಡದ್ದನ್ನು ನೊಂದು ಬರೆದಿಟ್ಟಿದ್ದಾರೆ. ಯಾತ್ರಿಕರಿಂದ ವಸೂಲು ಮಾಡುತ್ತಿದ್ದ ಸುಂಕವನ್ನು ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ರದ್ದುಗೊಳಿಸಿ, ಅದಕ್ಕೆ ಪ್ರತಿಯಾಗಿ ಮಕ್ಕಾದ ಅಮೀರನಿಗೆ ಹಣ ಮತ್ತು ಗೋಧಿಯನ್ನು ಗೊತ್ತುಮಾಡಿದ್ದರು. ಆ ಪಾವತಿ ತಡವಾದಾಗ ಅಮೀರನು ಬಡ ಯಾತ್ರಿಕರನ್ನೇ ಒತ್ತೆಯಂತೆ ತಡೆದು ನಿಲ್ಲಿಸಿದನು. ಅಲ್ಲಾಹನ ಅತಿಥಿಗಳನ್ನು ಆದಾಯದ ಮೂಲವೆಂದು ಕಾಣುವ ಪ್ರವೃತ್ತಿ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಭೀತಿ ಎದುರಾದಾಗ ಮಮ್ಲೂಕರ ಅಧಿಕಾರಿ ಹುಸೈನ್ ಅಲ್ ಕುರ್ದಿ ನಗರದ ಸುತ್ತ ಕೋಟೆಗೋಡೆ ಕಟ್ಟಿಸಿದನು. 1517ರಲ್ಲಿ ಪೋರ್ಚುಗೀಸ್ ನೌಕಾಪಡೆ ಬಂದರೂ ಜಿದ್ದಾವನ್ನು ಗೆಲ್ಲಲಾಗದೆ ಹಿಂದಿರುಗಿತು. ಅದೇ ವರ್ಷ ಹಿಜಾಝ್ ಉಸ್ಮಾನಿಯಾ ಆಳ್ವಿಕೆಗೆ ಒಳಪಟ್ಟಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಬಳಿಕ ಉಗಿಹಡಗುಗಳ ಸಂಚಾರ ಹೆಚ್ಚಿ, ವ್ಯಾಪಾರವೂ ಯಾತ್ರಿಕರ ಸಂಖ್ಯೆಯೂ ವೃದ್ಧಿಸಿದವು.

ಈ ಊರಿನ ನಿಜವಾದ ಸಂಕಟ ನೀರು. ಶತಮಾನಗಳ ಕಾಲ ಜನರು ಮಳೆನೀರಿನ ತೊಟ್ಟಿಗಳನ್ನೇ ನಂಬಿ ಬದುಕಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಮುದ್ರದ ನೀರನ್ನು ಬಟ್ಟಿಯಿಳಿಸುವ ಯಂತ್ರ ಬಂತು. ಅದನ್ನು ಜನರು 'ಕಿಂದಾಸ' ಎಂದು ಕರೆದರು. 1947ರಲ್ಲಿ ವಾದಿ ಫಾತಿಮಾದಿಂದ ಕೊಳವೆಯ ಮೂಲಕ ನೀರು ಹರಿದು ಬಂದಾಗ ನಗರ ನೆಮ್ಮದಿಯ ಉಸಿರು ಬಿಟ್ಟಿತು. ಅದೇ ಸುಮಾರಿಗೆ ಹಳೆಯ ಕೋಟೆಗೋಡೆಯನ್ನು ಕೆಡವಲಾಯಿತು. ನಗರ ಹೊರಗೆ ಹಬ್ಬಿತು.

ಹಳೆಯ ನಗರವಾದ 'ಅಲ್ ಬಲದ್' ಇಂದಿಗೂ ನೋಡತಕ್ಕದ್ದು. ಹವಳದ ಕಲ್ಲಿನ ಎತ್ತರದ ಮನೆಗಳು, ಗಾಳಿಯನ್ನು ಒಳಬಿಟ್ಟು ಬಿಸಿಲನ್ನೂ ಪರನೋಟವನ್ನೂ ತಡೆಯುವ 'ರವಾಶಿನ್' ಎಂಬ ಮರದ ಜಾಲಂದ್ರಗಳು ಅಲ್ಲಿನ ವೈಶಿಷ್ಟ್ಯ. ಆ ಜಾಲಂದ್ರಗಳಿಗೆ ಭಾರತದ ತೇಗವೂ ಹಡಗೇರಿ ಹೋಗಿತ್ತು. ಪ್ರಸಿದ್ಧ ನಸೀಫ್ ಮನೆಯ ಮುಂದಿನ ಬೇವಿನ ಮರವು ಒಂದು ಕಾಲಕ್ಕೆ ಊರಿನ ಏಕೈಕ ಮರವೆಂದು ಹೆಸರಾಗಿತ್ತು. 2014ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

1976ರಲ್ಲಿ ಆಧುನಿಕ ರೂಪ ಪಡೆದ ಜಿದ್ದಾ ಇಸ್ಲಾಮಿಕ್ ಬಂದರು ಇಂದು ಕೆಂಪು ಸಮುದ್ರದ ಪ್ರಮುಖ ಬಂದರುಗಳಲ್ಲಿ ಒಂದು. ಕಡಲತೀರದ 'ಕೋರ್ನಿಶ್', 250 ಮೀಟರಿಗೂ ಎತ್ತರಕ್ಕೆ ಚಿಮ್ಮುವ ಫಹದ್ ದೊರೆಯ ಕಾರಂಜಿ, ನೀರಿನ ಮೇಲೆ ನಿಂತ ಅರ್ರಹ್ಮಾ ಮಸೀದಿ ಸಂದರ್ಶಕರನ್ನು ಸೆಳೆಯುತ್ತವೆ. ಡೇರೆಗಳನ್ನು ಹೋಲುವ ಮಾಡುಗಳುಳ್ಳ ವಿಮಾನ ನಿಲ್ದಾಣದ ಹಜ್ಜ್ ಟರ್ಮಿನಲ್ಲಿನ ನಿರ್ಮಾಣದಲ್ಲಿ ಬಂಗಾಳ ಮೂಲದ ಇಂಜಿನಿಯರ್ ಫಝ್ಲುರ್ ರಹ್ಮಾನ್ ಖಾನ್ ಪ್ರಮುಖ ಪಾತ್ರ ವಹಿಸಿದ್ದರು.

ಮುಂಬಯಿಯಿಂದ ಹಡಗಿನಲ್ಲಿ ಹೋಗುತ್ತಿದ್ದ ನಮ್ಮ ಹಿರಿಯರು ಹಲವು ದಿನಗಳ ಕಡಲಯಾನದ ನಂತರ ಜಿದ್ದಾದ ದಡವನ್ನು ಕಾಣುತ್ತಿದ್ದರು. ಆ ಹಡಗು 1995ರಲ್ಲಿ ನಿಂತಿತು. ಈಗ ಕೆಲವೇ ಗಂಟೆಗಳ ಪಯಣ. ಆದರೂ ಬಂದರು ಕೇಳುವ ಪ್ರಶ್ನೆ ಬದಲಾಗಿಲ್ಲ. ಬಾಗಿಲಿಗೆ ಬಂದ ಯಾತ್ರಿಕನನ್ನು ಗಿರಾಕಿಯೆಂದು ಕಾಣಬೇಕೋ, ಅತಿಥಿಯೆಂದು ಕಾಣಬೇಕೋ? ಈ ಪ್ರಶ್ನೆ ಜಿದ್ದಾಕ್ಕೆ ಮಾತ್ರವಲ್ಲ, ಯಾತ್ರೆಯ ಹೆಸರಿನಲ್ಲಿ ವ್ಯವಹರಿಸುವ ಪ್ರತಿಯೊಬ್ಬರಿಗೂ ಸಲ್ಲುತ್ತದೆ.